ಗುಳ್ಳೆಯವರು, ಈಟಿಯವರು

ಬೋಟಿನಲ್ಲಿ ಆರು ಜನ ಇದ್ದೆವು. ಅಕ್ಕನನ್ನು ಕೇಳಿದರೆ ಏಳು ಎನ್ನುತ್ತಾಳೆ. ಏಳನೆಯವರು ಯಾರು ಎಂದರೆ ಹೇಳಲಾರಳು. ಆದರೂ ಏಳೇ ಅವಳ ಲೆಕ್ಕ. ನನ್ನ ನೆನಪೂ ಅವಳದಕ್ಕಿಂತ ಹೆಚ್ಚು ನಂಬುವಂಥದ್ದಲ್ಲ, ಆದರೆ ಆರು ಜನರಿಗೆ ಒಂದೊಂದು ಮುಖವಾದರೂ ಕೊಡಬಲ್ಲೆ.

ಅಕ್ಕನಿಗೆ ಐವತ್ತು ದಾಟಿತ್ತು. ಬಣಕಲ್‌ನಲ್ಲಿ ಪೈಪು, ಗೊಬ್ಬರ, ಸ್ಪ್ರೇಯರ್ ವಾಷರು ಮಾರುವ ಅಂಗಡಿ ಅವಳದು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದ ತಳಕ್ಕೆ ಇಳಿಯಬೇಕು, ಮೀನು ನೋಡಬೇಕು ಎಂಬ ಹುಚ್ಚು ಹೇಗೆ ಹತ್ತಿತೋ ತಿಳಿಯದು. ನೋಡುವುದಷ್ಟೇ, ನಮ್ಮದು ಲಿಂಗ ಕಟ್ಟಿಕೊಂಡವರ ಮನೆ, ಮೀನು ಎಂದೂ ಒಲೆ ಕಂಡಿದ್ದಿಲ್ಲ. ಮೂಡಿಗೆರೆ ಹತ್ತಿರದ ಕಾಫಿ ತೋಟವೊಂದರ, ಸ್ಪ್ರಿಂಕ್ಲರ್‌ಗೆ ನೀರು ತುಂಬಿಸಿಡುವ ಕೆರೆಯಲ್ಲಿ ಎರಡು ಬೇಸಿಗೆ ಈಜು ಕಲಿತಳು. ನಾನು ಜೊತೆಗೆ ಹೋದವಳು. ಮಾಸ್ಕ್ ಹಾಕಿ, ಬಾಯಿಗೆ ಕೊಳವೆ ಕಚ್ಚಿ ಮೇಲೆಯೇ ತೇಲುತ್ತೇನೆ. ಇಳಿಯುವ ಧೈರ್ಯ ನನಗೆ ಇರಲಿಲ್ಲ, ಈಗಲೂ ಇಲ್ಲ.

ಇಬ್ಬರಿಗಾಗಿ ಯಾರೂ ಬೋಟು ಬಿಡುವುದಿಲ್ಲ. ಜೊತೆ ಸಿಕ್ಕಿದ್ದು ಅಂಗಡಿಯಲ್ಲೇ. ಗೋಣಿಬೀಡಿನ ವಯರ್‌ಮನ್ ಮೀಟರ್ ಸರಿಮಾಡಲು ಬಂದವನು ಅಕ್ಕನ ಫೋನಿನಲ್ಲಿ ಸಮುದ್ರದ ಚಿತ್ರ ನೋಡಿದ.

"ನಾವೂ ಹೋಗ್ತೀವಲ್ಲ ಅಕ್ಕಾವ್ರೆ, ನಾನೂ ನಮ್ಮ ರೈಟರೂ. ಉಸಿರು ಕಟ್ಟಿ ಮುಳುಗಿ ಈಟಿಯಲ್ಲಿ ಮೀನು ಹೊಡಿಯೋದು."

"ನಾನು ಹೋಗೋದು ನೋಡೋಕೆ."

"ನೋಡಿ ಏನ್ ಮಾಡ್ತೀರಿ?"

"ಹೊಡೆದು ನೀನೇನ್ ಮಾಡ್ತೀಯ?"

"ತಿಂತೀನಿ!"

ಮುಂದಿನ ಭಾನುವಾರ ಅಕ್ಕನ ಜೀಪಿನಲ್ಲಿ ನಾಲ್ಕು ಜನ ಚಾರ್ಮಾಡಿ ಘಟ್ಟ ಇಳಿದೆವು. ರೈಟರ್ ಎಂದರೆ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಹಾಕುವವನು. ಸೋಮವಾರ ಬೆಳಗ್ಗೆ ಅವನು ತೋಟದಲ್ಲಿ ಇರಲೇಬೇಕು. ಹಾಗಾಗಿ ಬೆಳಗ್ಗೆ ಇಳಿಯುವುದು, ಸಂಜೆ ಹತ್ತುವುದು. ಆಸ್ಪತ್ರೆಗಾಗಲಿ ಮದುವೆಗಾಗಲಿ ನಮ್ಮ ಕಡೆಯವರು ಕೆಳಗೆ ಹೋಗುವುದೇ ಹಾಗೆ. ಅದರಲ್ಲಿ ಯೋಚಿಸುವಂಥದ್ದು ಏನಾದರೂ ಇದೆ ಎಂದು ಯಾರಿಗೂ ಹೊಳೆದಿರಲಿಲ್ಲ.

ಬೋಟು ನಡೆಸುವವರು ಒಬ್ಬರೇ, ಬೋಟಿನವರು ಎಂದೇ ಕರೆಯುತ್ತಿದ್ದೆವು. ಅವರು ನಮಗೂ ಹೆಸರಿಟ್ಟಿದ್ದರು: ಅಕ್ಕನ ಪಕ್ಷ ಗುಳ್ಳೆಯವರು, ಆ ಇಬ್ಬರು ಈಟಿಯವರು. ಬೋಟಿನವರ ಕಾನೂನು ಒಂದೇ. ಈಟಿಗಳೆಲ್ಲ ಬೋಟಿಗೆ ಹತ್ತಿದ ಮೇಲೆಯೇ ಗುಳ್ಳೆಯವರು ನೀರಿಗೆ. ಮೊದಲು ಯಾರು ಎಂಬುದಕ್ಕೆ ಮಾತ್ರ ಪ್ರತಿಸಲವೂ ಜಗಳ. ಗುಳ್ಳೆಯ ಸದ್ದಿಗೆ ಮೀನು ಓಡುತ್ತದೆ ಎಂದು ಅವರು. ಈಟಿ ಕಂಡ ಮೀನು ಬಂಡೆಯಿಂದ ಹೊರಗೇ ಬರುವುದಿಲ್ಲ ಎಂದು ಅಕ್ಕ.

ಮೊದಲ ಸಲ ಅಕ್ಕ ಎರಡಾಳು ಆಳಕ್ಕೂ ಇಳಿಯಲಿಲ್ಲ. ಕಿವಿ ಸಿಡಿಯುವಂಥ ನೋವು, ಮೇಲೆ ಬಂದುಬಿಟ್ಟಳು. ವಾರವಿಡೀ ಕಿವಿಗೆ ಹತ್ತಿ ಇಟ್ಟುಕೊಂಡೇ ವ್ಯಾಪಾರ. ಭಾವ, "ಇನ್ನು ಸಮುದ್ರದ ಸುದ್ದಿ ಎತ್ತಬೇಡ" ಎಂದರು. ಅಕ್ಕ ಎತ್ತಲಿಲ್ಲ. ಎರಡನೆಯ ಸಲ, ಕೆಳಗೆ ದೇವಸ್ಥಾನಕ್ಕೆ ಹೋಗಿ ಬರುತ್ತೇವೆ ಎಂದು ಹೇಳಿ ಹೊರಟಳು. ಆಗಲೂ ಅದೇ ಆಳ, ಅದೇ ನೋವು.

ನಾನು ಹೇಳಹೊರಟಿರುವುದು ಮೂರನೆಯ ಸಲದ್ದು. ಮೇ ತಿಂಗಳು. ಆ ಭಾನುವಾರ ಕಳೆದರೆ ಬೋಟನ್ನು ದಡಕ್ಕೆಳೆದು ಮಳೆಗಾಲಕ್ಕೆ ತೆಂಗಿನ ಗರಿ ಹೊದಿಸುತ್ತಾರೆ. "ಈ ಸಲ ಆಗದಿದ್ರೆ ಸಾಮಾನೆಲ್ಲ ಮಾರಿಬಿಡ್ತೀನಿ" ಎಂದಿದ್ದಳು ಅಕ್ಕ, ಇಳಿಯುವಾಗ ಜೀಪಿನಲ್ಲಿ. ತಮಾಷೆಯ ದನಿ ಇರಲಿಲ್ಲ. ಸಮುದ್ರ ಆ ದಿನ ಹಸಿರಾಗಿತ್ತು ಎಂದು ಮೊದಲು ಬರೆದೆ, ಹೊಡೆದು ಹಾಕಿದೆ. ಹಸಿರಾಗಿದ್ದದ್ದು ಅಕ್ಕನ ತಿಂಡಿ ಡಬ್ಬಿಯ ಮುಚ್ಚಳ ಇರಬಹುದು.

ಈಟಿಯವರು ಮೊದಲು ಇಳಿದರು. ರೈಟರ್ ಎರಡು ಮೀನು ತಂದ, ವಯರ್‌ಮನ್ ಏನೂ ತರಲಿಲ್ಲ.

"ಎಂತ ಮಾರಾಯ್ರೆ, ಕರೆಂಟ್ ಹೋಯ್ತಾ?" ಎಂದರು ಬೋಟಿನವರು.

ಈಟಿಗಳು ಒಳಗೆ ಬಂದವು. ಆ ಸಲ ತರಬೇತಿ ಕೊಡಲು ಬಂದಿದ್ದವಳು ಹೊಸಬಳು, ಕರಾವಳಿಯ ಹುಡುಗಿ. ಅವಳು ಅಕ್ಕನ ಬೆನ್ನಿಗೆ ಸಿಲಿಂಡರ್ ಬಿಗಿಯುತ್ತಿದ್ದಳು. ಐಸಿನ ಡಬ್ಬಿಗೆ ಮೀನು ತುಂಬುತ್ತ ರೈಟರ್ ಖುಷಿಯಲ್ಲಿ ಹೇಳಿದ:

"ಆರು ಗಂಟೆಗೆ ಕೊಟ್ಟಿಗೆಹಾರದಲ್ಲಿ ಬಿಸಿ ನೀರುದೋಸೆ, ಮಾರಾಯ!"

ಹುಡುಗಿಯ ಕೈ ನಿಂತಿತು. "ಕೊಟ್ಟಿಗೆಹಾರ ಅಂದ್ರೆ ಘಟ್ಟದ ಮೇಲಲ್ವಾ? ನೀವು ಮಂಗಳೂರಿನವರು ಅಂತ ಫಾರಮ್ಮಲ್ಲಿ ಉಂಟು."

ಫಾರಂ ತುಂಬಿದವಳು ನಾನು. ಬಣಕಲ್ ಎಂದರೆ ಹೊರಗಿನವರಿಗೆ ತಿಳಿಯುವುದಿಲ್ಲ. ಮತ್ತೆ ಮತ್ತೆ ವಿವರಿಸಲು ಬೇಜಾರಾಗಿ ನಮ್ಮವರೆಲ್ಲ ಮಂಗಳೂರು ಹತ್ತಿರ ಎಂದುಬಿಡುತ್ತಾರೆ. ನಾನು 'ಹತ್ತಿರ'ವನ್ನೂ ಬಿಟ್ಟಿದ್ದೆ.

"ಸಿಲಿಂಡರ್ ಗಾಳಿ ಕುಡಿದು ಕೆಳಗೆ ಹೋದವರು ಅದೇ ದಿನ ಬೆಟ್ಟ ಹತ್ತುವ ಹಾಗಿಲ್ಲ ಅಕ್ಕ" ಎಂದಳು ಹುಡುಗಿ. "ಎತ್ತರಕ್ಕೆ ಹೋದ್ರೆ ಒಳಗಿನ ಗಾಳಿ ಗುಳ್ಳೆ ಕಟ್ಟುತ್ತೆ, ಸೋಡಾ ಬಾಟ್ಲಿ ಮುಚ್ಚಳ ತೆಗೆದ ಹಾಗೆ. ನಾಳೆ ಮಧ್ಯಾಹ್ನದವರೆಗೆ ನೀವು ಕೆಳಗೇ ಇರ್ಬೇಕು. ಇಲ್ಲಾಂದ್ರೆ ಇವತ್ತು ನಾನು ಇಳಿಸೋದಿಲ್ಲ."

ಸಿಲಿಂಡರ್ ಇಲ್ಲದೆ ಮುಳುಗುವ ಈಟಿಯವರಿಗೆ ಈ ಕಟ್ಟಳೆ ಇಲ್ಲವಂತೆ. ಅವರು ಜೀಪು ಒಯ್ಯಲಿ, ನಾವು ಮರುದಿನ ಬಸ್ಸಿಗೆ ಹೋಗೋಣ ಎಂದೆ. ಎಲ್ಲರೂ ಸರಿ ಎಂದರು. ಅಕ್ಕ ಮಾತ್ರ ಸಿಲಿಂಡರಿನ ಭಾರಕ್ಕೆ ಬೆನ್ನು ಬಾಗಿಸಿ ಕೂತಿದ್ದಳು. ಈ ಸಲವೂ ದೇವಸ್ಥಾನಕ್ಕೆಂದು ಹೇಳಿ ಬಂದವಳು ರಾತ್ರಿ ಯಾಕೆ ಬರುವುದಿಲ್ಲ ಎಂದು ಭಾವನಿಗೆ ಏನು ಹೇಳುವುದು? ಸುಳ್ಳು ಹೇಳುತ್ತಾಳೆ ಎಂದುಕೊಂಡೆ. ಅವಳು ಫೋನ್ ಈಸಿಕೊಂಡು ಭಾವನಿಗೆ ಹಚ್ಚಿದಳು. ಗಾಳಿಯ ಸದ್ದಿಗೆ ಏನೂ ಕೇಳುತ್ತಿರಲಿಲ್ಲ, ಸ್ಪೀಕರ್ ಹಾಕಬೇಕಾಯಿತು.

"ರೀ, ಇವತ್ತು ಬರೋಕಾಗಲ್ಲ."

"ಯಾಕೆ, ಜೀಪು ಕೈಕೊಡ್ತಾ?"

"ಇಲ್ಲ. ನೀರಿಗಿಳೀತಿದೀನಿ. ಇಳಿದ್ರೆ ನಾಳೆವರೆಗೆ ಘಟ್ಟ ಹತ್ತಬಾರದಂತೆ."

"ಯಾವ ನೀರು? ದೇವಸ್ಥಾನದ ಹೊಳೆನಾ?"

"ಸಮುದ್ರ."

ಬೋಟು ಒಂದೆರಡು ಸಲ ತೂಗಿತು.

"ಹೋದ ಸಲ ದೇವಸ್ಥಾನದಿಂದ ಬಂದ ಜೀಪು ವಾರಗಟ್ಟಲೆ ಮೀನು ನಾತ" ಎಂದರು ಭಾವ. "ಯಾವ ದೇವ್ರೇ ಮಾರಾಯ್ತಿ ಅದು?"

ವಯರ್‌ಮನ್ ಮುಖ ತಿರುಗಿಸಿಕೊಂಡ. ಅವನ ಭುಜ ಕುಲುಕುತ್ತಿತ್ತು.

"ಗೊತ್ತಿದ್ದೂ ಯಾಕೆ ಸುಮ್ನಿದ್ರಿ?"

"ನೀನು ಹೇಳ್ತೀಯೇನೋ ಅಂತ. ಕಿವಿ ಹೆಂಗಿದೆ?"

"ಇಳಿದ್ರೆ ತಾನೇ ಗೊತ್ತಾಗೋದು."

"ನೋವಾದ್ರೆ ಮೇಲೆ ಬಾ, ಹಟ ಹಿಡೀಬೇಡ. ಜೀಪು ತೊಳ್ದು ತರೋಕೆ ಆ ಮೀನಿನವರಿಗೆ ಹೇಳು."

ಭಾವ ಮೂರು ಸಲ 'ಹುಷಾರು' ಎಂದರು ಎಂದು ಅಕ್ಕ ಇಂದಿಗೂ ಸಾಧಿಸುತ್ತಾಳೆ. ತಾನು ಜೀಪಿನ ವಿಷಯ ಬಿಟ್ಟು ಬೇರೇನೂ ಆಡಿಲ್ಲ ಎನ್ನುತ್ತಾರೆ ಭಾವ. ನಾನು ಇಬ್ಬರನ್ನೂ ಬಿಟ್ಟು ನಡುವಿನದನ್ನು ಬರೆದಿದ್ದೇನೆ.

ಇನ್ನು ಉಳಿದದ್ದು ಕಿವಿ. ಹುಡುಗಿ ಮೂಗು ಹಿಡಿದು ಊದುವುದನ್ನು ಮತ್ತೊಮ್ಮೆ ತೋರಿಸಿದಳು. ಅಕ್ಕ ತಲೆಯಾಡಿಸಿದಳು, ಹಿಂದೆಯೂ ಹೀಗೇ ಆಡಿಸಿದ್ದಳು. ಆಗ ವಯರ್‌ಮನ್ ಬಾಯಿ ಹಾಕಿದ.

"ಅಕ್ಕಾವ್ರೆ, ನೀವು ಘಟ್ಟದಲ್ಲಿ ಜೀಪು ಬಿಡೋವಾಗ ಹಾರನ್ ಯಾವಾಗ ಹೊಡಿತೀರಿ? ಎದುರಿಗೆ ಬಸ್ಸು ಕಂಡ್ಮೇಲಾ?"

"ಥೂ, ಆಮೇಲೆ ಹೊಡೆದು ಏನು? ತಿರುವಿಗೆ ಮುಂಚೆ."

"ಹಂಗೇ ಇದೂನೂ. ನೋವು ಕಂಡ್ಮೇಲೆ ಮೂಗು ಹಿಡಿದ್ರೆ ಏನೂ ಆಗಲ್ಲ. ಹಗ್ಗ ಹಿಡ್ಕೊಂಡು ಇಳೀರಿ, ಮೊಳಕ್ಕೊಂದು ಹಾರನ್."

"ಒಂದು ಗಂಟೆಯಿಂದ ನಾನು ಹೇಳಿದ್ದೂ ಇದನ್ನೇ" ಎಂದಳು ಹುಡುಗಿ.

"ನೀನು ಇಂಗ್ಲಿಷಲ್ಲಿ ಹೇಳ್ದೆ. ನಾನು ಚಾರ್ಮಾಡಿಯಲ್ಲಿ ಹೇಳ್ದೆ."

ಅಕ್ಕ, ಹುಡುಗಿ ಇಬ್ಬರೂ ಲಂಗರಿನ ಹಗ್ಗ ಹಿಡಿದು ಇಳಿದರು. ನಾನು ಮೇಲೆ ತೇಲುತ್ತ ಮುಖ ಮುಳುಗಿಸಿ ನೋಡುತ್ತಿದ್ದೆ. ಪಕ್ಕದಲ್ಲಿ ವಯರ್‌ಮನ್, ಬರಿಗೈಯಲ್ಲಿ. ಅಕ್ಕನ ಒಂದು ಕೈ ಹಗ್ಗದಲ್ಲಿ, ಇನ್ನೊಂದು ಮೂಗಿನಲ್ಲಿ. ಒಂದು ಮೊಳ, ಒಂದು ಹಾರನ್. ಮತ್ತೊಂದು ಮೊಳ. ಹಿಂದೆ ಎರಡು ಸಲ ಸೋತ ಆಳ ಬಂತು, ಅವಳು ನಿಂತಳು. ಎಷ್ಟು ಹೊತ್ತು? ನನಗೆ ಅದು ಬಹಳ ಹೊತ್ತು. ಹುಡುಗಿಯ ಗಡಿಯಾರಕ್ಕೆ ಅರ್ಧ ನಿಮಿಷವೂ ಅಲ್ಲವಂತೆ. ಅಕ್ಕ ಒಂದು ಗೇಣು ಮೇಲೆ ಬಂದಳು, ಮುಗಿಯಿತು ಎಂದುಕೊಂಡೆ. ಮೂಗು ಹಿಡಿದಳು. ತಲೆ ಓರೆ ಮಾಡಿದಳು. ಆಮೇಲೆ ಕೆಳಗೆ ಹೋದಳು, ಹೋದಳು, ಮಸುಕಾದಳು. ಕೊನೆಗೆ ನನ್ನ ಪಾಲಿಗೆ ಉಳಿದದ್ದು ಗುಳ್ಳೆಗಳು ಮಾತ್ರ. ಅವು ಮೇಲೆದ್ದು ಬಂದು ನನ್ನ ಹೊಟ್ಟೆಗೆ ತಾಗಿ ಒಡೆಯುತ್ತಿದ್ದವು.

ವಯರ್‌ಮನ್ ಉಸಿರು ಕಟ್ಟಿ ಮುಳುಗಿದ. ತಿರುಗಿ ಬಂದವನು ಕೂಗಿದ:

"ಕೂತಿದಾರೆ! ಮರಳ ಮೇಲೆ ಮಂಡಿಯೂರಿ ಕೂತಿದಾರೆ. ಎದುರಿಗೆ ಒಂದು ಮುರು ಮೀನು ಇವ್ರ ಮುಖಾನೇ ನೋಡ್ತಿದೆ."

"ದೊಡ್ಡದಾ?"

"ನಿಮ್ಮ ಅಂಗಡಿ ತಕ್ಕಡಿ ಸಾಲಲ್ಲ." ಬೋಟಿನ ಕಡೆ ನೋಡಿದ. "ಈಟಿ ಅಲ್ಲಿದೆ. ನನ್ನ ಹಣೆಬರಹ."

ಎಂದ, ಆದರೆ ಅವನ ಮುಖ ಅರಳಿತ್ತು.

ಅಕ್ಕ ಮೇಲೆ ಬಂದಳು. ಮಾಸ್ಕಿನೊಳಗೆ ಅರ್ಧ ನೀರು. ಅಳುತ್ತಿದ್ದಾಳೆ ಎಂದು ಗಾಬರಿಯಾದೆ. ನಕ್ಕರೂ ಮಾಸ್ಕಿಗೆ ನೀರು ಬರುತ್ತದೆ ಎಂದು ಹುಡುಗಿ ಹೇಳಿದಳು. ತಳದಿಂದಲೂ ನಗುತ್ತಲೇ ಬಂದಳಂತೆ. ಬೋಟಿನವರು ಏಣಿ ಇಳಿಬಿಟ್ಟರು. ಅಕ್ಕ ಏಣಿ ಹಿಡಿದಳು, ಹತ್ತಲಿಲ್ಲ. ಬಾಯಿಂದ ಕೊಳವೆ ತೆಗೆದು ಹುಡುಗಿಯನ್ನು ಕೇಳಿದಳು:

"ಇನ್ನೊಂದು ಸಿಲಿಂಡರ್ ಇದ್ಯೇನೇ? ಹೆಂಗೂ ನಾಳೆವರೆಗೆ ಘಟ್ಟ ಹತ್ತೋ ಹಂಗಿಲ್ಲವಲ್ಲ."