ಆರು ನಿಮಿಷದ ಆಲೂಗಡ್ಡೆ

ಬೆಳಕು ಹರಿಯುವ ಮೊದಲೇ ಬೊಗ್ನಾ ಮಾಂಸದಂಗಡಿಯ ಸಾಲಿನಲ್ಲಿ ಒಂದೂವರೆ ಗಂಟೆ ನಿಂತು ಬಂದಿದ್ದಳು. ಹೆರಿಂಗ್ ಮೀನಿನ ಉಪ್ಪು ಬಿಡಿಸಿ ಎಣ್ಣೆಗೆ ಹಾಕಿದ್ದಳು, ಪ್ಲಮ್ ಕೇಕಿಗೆ ಹಿಟ್ಟು ಕಲಸಿದ್ದಳು, ಅತ್ತೆಯ ಕಾಲಿಗೆ ಪಟ್ಟಿ ಸುತ್ತಿ, ಗಂಡನ ಬಿಳಿ ಅಂಗಿಗೆ ಇಸ್ತ್ರಿ ಮಾಡಿದ್ದಳು. ಅಂದು ಗಂಡ ಲುಡ್ವಿಕ್‌ನ ಹೆಸರಿನ ಸಂತನ ದಿನ. ಪೋಲೆಂಡಿನಲ್ಲಿ ಅದು ಹುಟ್ಟುಹಬ್ಬದ ಹಾಗೆ, ಆದರೆ ಯಾರನ್ನೂ ಕರೆಯಬೇಕಾಗಿಲ್ಲ. ಸಂಜೆಯಾದರೆ ಜನ ತಾವಾಗಿ ಬಂದು ಕೂರುತ್ತಾರೆ. ಅಡುಗೆ ತಾನಾಗಿ ಆಗುತ್ತದೆಂದು ನಂಬಿರುತ್ತಾರೆ.

ಅದೇ ದಿನ ಬೆಳಿಗ್ಗೆ ಹತ್ತಕ್ಕೆ ಸರ್ಕಾರಿ ಸ್ಟುಡಿಯೋದ ಸಮಿತಿ ಅವಳು ನಿರ್ದೇಶಿಸಿದ ಮೊದಲ ಕಥಾಚಿತ್ರವನ್ನು ನೋಡಿ ತೀರ್ಮಾನ ಹೇಳುವುದಿತ್ತು.

"ಸಿನಿಮಾ ಎಲ್ಲೂ ಓಡಿಹೋಗಲ್ಲ ಕಣೆ," ಎಂದರು ಅತ್ತೆ. "ಲುಡ್ವಿಕ್ ಹೇಗೂ ಹೋಗ್ತಾನಲ್ಲ, ನಿನ್ನ ಪರವಾಗಿ ಮಾತಾಡ್ತಾನೆ. ಮನೇಲಿ ಒಬ್ಬ ಹೆಂಗಸು ಬೇಡ್ವಾ?"

"ನೀವಿದ್ದೀರಲ್ಲ ಅತ್ತೆ."

"ನನಗೆ ಕಾಲು ನೋವು."

ನಾಲಿಗೆಯ ಆರೋಗ್ಯದ ಬಗ್ಗೆ ಬೊಗ್ನಾ ಏನೂ ಕೇಳದೆ ಟ್ರಾಮ್ ಹತ್ತಿದಳು.

ಅವಳಿಗೆ ನಲವತ್ತೊಂದು. ತಾಯಿ ಇದೇ ಊರಿನ ಬಟ್ಟೆ ಗಿರಣಿಯಲ್ಲಿ ನೇಯ್ದು, ಮಗ್ಗಗಳ ಸದ್ದಿಗೆ ಕಿವುಡಾದವಳು. ಸಿನಿಮಾ ಶಾಲೆಯ ತರಗತಿಯಲ್ಲಿ ಬೊಗ್ನಾ ಒಬ್ಬಳೇ ಹುಡುಗಿ; ಹಾಗಾಗಿ ಚಹಾ ಕಾಸುವ ಕಲೆಯಲ್ಲಿ ಅವಳಿಗೆ ಪೈಪೋಟಿಯೇ ಇರಲಿಲ್ಲ. ಆಮೇಲೆ ಹನ್ನೊಂದು ವರ್ಷ ಸಹಾಯಕಿ. ಇದೇ ಸ್ಟುಡಿಯೋದ ನಿರ್ದೇಶಕನಾದ ಗಂಡನ ಎರಡು ಚಿತ್ರಗಳನ್ನು ಸಂಕಲನದ ಮೇಜಿನ ಮೇಲೆ ಕತ್ತರಿಸಿ, ಜೋಡಿಸಿ, ನೋಡುವಂತೆ ಮಾಡಿದವಳು ಅವಳೇ. ಬಹುಮಾನ ತೆಗೆದುಕೊಳ್ಳುವಾಗ ಅವನು "ಮನೆಯವಳ ತಾಳ್ಮೆ"ಗೆ ವಂದನೆ ಹೇಳಿದ್ದ. ಸ್ಟುಡಿಯೋ ಅವಳಿಗೆ ಕೊಟ್ಟದ್ದು ಮುಳ್ಳುಹಂದಿ, ಅಳಿಲುಗಳ ಕಿರುಚಿತ್ರ. ಹೆಂಗಸಲ್ಲವೇ, ಮಕ್ಕಳಿಗೆ ಮಾಡಲಿ.

ಕೊನೆಗೂ ಸಿಕ್ಕಿದ ಈ ದೊಡ್ಡ ಚಿತ್ರದಲ್ಲಿ ಪಾಳಿ ಮುಗಿಸಿ ಮನೆಗೆ ಬಂದ ನೇಕಾರ್ತಿಯೊಬ್ಬಳು, ಕೋಟನ್ನೂ ಬಿಚ್ಚದೆ, ನಾಲ್ಕು ಜನಕ್ಕೆ ಆಲೂಗಡ್ಡೆ ಸುಲಿಯುತ್ತಾಳೆ. ಪೂರ್ತಿ ಆರು ನಿಮಿಷ, ನಡುವೆ ಒಂದೂ ಕತ್ತರಿಯಿಲ್ಲ. ಚಿತ್ರದ ಜೀವ ಅಲ್ಲೇ ಇತ್ತು.

ಚಿತ್ರ ಮುಗಿದು ದೀಪ ಹತ್ತಿದಾಗ ಸಮಿತಿಯ ಆರು ಗಂಡಸರು ಕೆಮ್ಮಿದರು. ಅಧ್ಯಕ್ಷ ಝೆನೊನ್ ಕನ್ನಡಕ ಒರೆಸಿದ.

"ಬೊಗ್ನಾ ಅವರೇ, ಇದು ಸುಳ್ಳು. ನಾಲ್ಕು ಜನರ ಆಲೂಗಡ್ಡೆಗೆ ಆರು ನಿಮಿಷವೇ? ನಟಿಗೆ ಬೇಕಂತಲೇ ನಿಧಾನ ಮಾಡು ಅಂದಿದ್ದೀರಿ. ನಮ್ಮ ಕಾರ್ಮಿಕ ಮಹಿಳೆ ಸೋಮಾರಿ ಅಂತ ತೋರಿಸೋಕೆ."

"ನಟಿ ಅಲ್ಲ. ಅವಳು ನಿಜವಾಗಿಯೂ ನೇಕಾರ್ತಿ. ನೀವೆಷ್ಟು ಹೊತ್ತಲ್ಲಿ ಸುಲಿಯುತ್ತೀರಿ?"

"ನನ್ನ ಹೆಂಡತಿ ಕ್ಷಣದಲ್ಲಿ ಮುಗಿಸ್ತಾಳೆ."

"ನೋಡಿದ್ದೀರಾ?"

ಝೆನೊನ್ ನೋಡಿರಲಿಲ್ಲ. ಅವನು ನೋಡಿದ್ದು ತಟ್ಟೆಯನ್ನು ಮಾತ್ರ. ಚಹಾದ ಲೋಟಗಳನ್ನು ತೆಗೆಯಲು ಬಂದಿದ್ದ ಕ್ಯಾಂಟೀನಿನ ಗೆನೊವೆಫಾ ತಾನಾಗಿಯೇ ಬಾಯಿ ಹಾಕಿದಳು.

"ಆರೇ ನಿಮಿಷಕ್ಕಾ? ಬಲು ಚುರುಕು ಬಿಡಿ ಅವಳು. ನನಗಾದ್ರೆ ಹತ್ತು ಬೇಕು, ಆಲೂಗಡ್ಡೆ ಕೊಳೆತಿದ್ರೆ ಹದಿನೈದು."

ಲುಡ್ವಿಕ್ ಝೆನೊನ್ ಕಡೆ ತಿರುಗಿದ. "ನಾನು ಹೋದ ವಾರವೇ ನಿಮ್ಮ ಹತ್ತಿರ ಒಪ್ಪಿದ್ದೀನಲ್ಲ. ಒಂದು ನಿಮಿಷಕ್ಕೆ ಇಳಿಸ್ತೀವಿ, ಮೇಲೊಂದು ಹಾಡು ಹಾಕ್ತೀವಿ."

"ಸುಲಿಯೋದು ಗೊತ್ತಿಲ್ಲದವರು ಒಪ್ಪಿದ್ದೀರಿ," ಎಂದಳು ಬೊಗ್ನಾ.

ಝೆನೊನ್ ಒಂದು ಕಾಗದ ಮುಂದಿಟ್ಟ. ಕತ್ತರಿಗೆ ನಿರ್ದೇಶಕಿಯ ಸಹಿ ಬಿದ್ದರೆ ವಸಂತದಲ್ಲಿ ಬಿಡುಗಡೆ. ಇಲ್ಲದಿದ್ದರೆ ಚಿತ್ರ ಬಿಡುಗಡೆಯಾಗದೆ ಕಪಾಟಿಗೆ, ಅವಳು ಮತ್ತೆ ಅಳಿಲುಗಳ ಹತ್ತಿರಕ್ಕೆ. ಮಧ್ಯಾಹ್ನದೊಳಗೆ ತೀರ್ಮಾನವಾಗಬೇಕು.

ಹೊರಡುವಾಗ ಲುಡ್ವಿಕ್ ಮೆತ್ತಗೆ ಹೇಳಿದ: "ಹಟ ಮಾಡಬೇಡ ಕಣೆ. ಐದಕ್ಕೆಲ್ಲ ಇವರೇ ಮನೆಗೆ ಬರ್ತಾರೆ. ಬೇಗ ಸಹಿ ಹಾಕಿ ಬಾ, ಕೇಕ್ ಇನ್ನೂ ಬೇಯಿಸಬೇಕಲ್ಲ."

ಸಂಕಲನದ ಕೋಣೆಯಲ್ಲಿ ಅವಳೊಬ್ಬಳೇ ಉಳಿದಳು. ಕತ್ತರಿಸಿದರೆ ಊರಿನ ಗಿರಣಿ ಹೆಂಗಸರು ಚಿತ್ರ ನೋಡುತ್ತಾರೆ. ಆದರೆ ಪರದೆಯ ಮೇಲೆ ತಮ್ಮ ಕೆಲಸ ಹಾಡಿನಡಿ ಒಂದೇ ನಿಮಿಷಕ್ಕೆ ಮುಗಿಯುವುದನ್ನು ನೋಡುತ್ತಾರೆ. ಆಮೇಲೆ ಅವರ ಗಂಡಂದಿರೂ ಅದನ್ನೇ ನಿಜವೆನ್ನುತ್ತಾರೆ. ರೀಲು ಹಾಕಿ ಆ ಆರು ನಿಮಿಷವನ್ನು ಇನ್ನೊಮ್ಮೆ ನೋಡಿದಳು. ಒಂದು ಸಲವೂ ಮೇಲೆತ್ತದ ಆ ಮುಖದಲ್ಲಿ ಯಾವ ನಿಮಿಷ ಬಿಟ್ಟರೂ ಸುಳ್ಳಾಗುತ್ತಿತ್ತು.

ಸಹಿಯ ಜಾಗದಲ್ಲಿ ಒಂದು ಉದ್ದನೆಯ ಗೆರೆ ಎಳೆದು, ಕೆಳಗೆ "ಒಪ್ಪುವುದಿಲ್ಲ" ಎಂದು ಬರೆದು ತನ್ನ ಪೂರ್ತಿ ಹೆಸರು ಹಾಕಿದಳು. ರೀಲನ್ನು ಡಬ್ಬಿಯಲ್ಲಿಟ್ಟು, ಕಪಾಟಿಗೆ ಕಳಿಸಬೇಕಾದ ಡಬ್ಬಿಗಳ ಸಾಲಿನಲ್ಲಿ ತಾನೇ ಒಯ್ದು ಇಟ್ಟಳು.