ದೇವಕನ್ಯೆಯ ಸೀರೆ ಕದ್ದವರು

ರೇಷ್ಮೆ ಸೀರೆಯನ್ನು ವರ್ಷಕ್ಕೊಂದು ಸಲವಾದರೂ ಪೆಟ್ಟಿಗೆಯಿಂದ ತೆಗೆದು, ಎಳೆಬಿಸಿಲಿಗೆ ಹರವಿ, ಹಳೆಯ ಮಡಿಕೆ ಬಿಡಿಸಿ ಬೇರೆ ಮಡಿಕೆಯಲ್ಲಿ ಮಡಿಸಿಡಬೇಕು. ಇಲ್ಲವಾದರೆ ಎಂಥ ಗಟ್ಟಿ ನೇಯ್ಗೆಯಾದರೂ ಮಡಿಕೆಯ ಗೆರೆಯಲ್ಲೇ ಸೀಳಿಬಿಡುತ್ತದೆ. ಇದು ಯಾವ ಶಾಸ್ತ್ರಗ್ರಂಥದಲ್ಲೂ ಉಕ್ತವಾಗಿಲ್ಲ, ಆದರೆ ಅಜ್ಜಂಪುರದ ಹೆಂಗಸರಿಗೆಲ್ಲ ಕಂಠಪಾಠ. ದೀಪಾವಳಿ ಕಳೆದು ಮೋಡ ಚದುರಿದ ಕೂಡಲೇ ನಮ್ಮ ಬೀದಿಯ ಮಾಳಿಗೆಗಳ ಮೇಲೆ ಹಸಿರು, ಕುಂಕುಮ, ಅರಿಶಿನ ಬಣ್ಣಗಳು ಹರಡಿಕೊಳ್ಳುತ್ತವೆ, ನುಸಿಗುಳಿಗೆಯ ವಾಸನೆ ಅಡಿಗೆಮನೆಗಳ ಒಗ್ಗರಣೆಯನ್ನೂ ಸೋಲಿಸುತ್ತದೆ. ನಮ್ಮ ಮನೆಯಲ್ಲಿ ಈ ಮಡಿಕೆ ಬದಲಿಸುವ ಉದ್ಯೋಗ ನನ್ನದು. ಹೆಸರು ಶಾಂತ. ಹೆಸರಿಟ್ಟವರ ದೂರದೃಷ್ಟಿಗೆ ಕೈ ಮುಗಿಯಬೇಕು, ಏಕೆಂದರೆ ಒಂದು ಸೀರೆ ಮಡಿಸಿ ಮುಗಿಸುವಷ್ಟರಲ್ಲಿ ನನಗೆ ಒಂದು ಸಲವಾದರೂ ಸಿಟ್ಟು ನೆತ್ತಿಗೇರಿರುತ್ತದೆ.

ಸಿಟ್ಟು ಸೀರೆಯ ಮೇಲಲ್ಲ, ಸೀರೆಯ ಕಥೆಯೊಂದರ ಮೇಲೆ. ಅದನ್ನು ಹೇಳುವವಳು ನನ್ನ ಅವ್ವ. ನೀವೂ ಎಲ್ಲಾದರೂ ಕೇಳಿರುತ್ತೀರಿ. ಊರಿಂದ ಊರಿಗೆ ಕೆರೆಯ ಹೆಸರು ಬದಲಾಗುತ್ತದೆಯೇ ಹೊರತು ಕಳ್ಳತನ ಬದಲಾಗುವುದಿಲ್ಲ. ಅವ್ವನ ಕಥೆಯಲ್ಲಿ ದೇವಕನ್ಯೆಯರು ಹುಣ್ಣಿಮೆಗೊಮ್ಮೆ ಸಖರಾಯಪಟ್ಟಣದ ಹತ್ತಿರದ ಅಯ್ಯನಕೆರೆಗೆ ಸ್ನಾನಕ್ಕಿಳಿಯುತ್ತಾರೆ. ದಡದ ಮೇಲೆ ಕಳಚಿಟ್ಟ ಸೀರೆಗಳಲ್ಲಿ ಒಂದನ್ನು ಒಬ್ಬ ಬೇಸಾಯದ ಹುಡುಗ ಎತ್ತಿಕೊಂಡು ಓಡುತ್ತಾನೆ. ಮಿಕ್ಕವರು ತಮ್ಮ ತಮ್ಮ ಸೀರೆ ಉಟ್ಟು ಹಾರಿಹೋಗುತ್ತಾರೆ. ಸೀರೆಯಿಲ್ಲದವಳು ಹಾರಲಾರದೆ ನೀರಿನಲ್ಲೇ ನಿಲ್ಲುತ್ತಾಳೆ. ಹುಡುಗ ತನ್ನ ಕಂಬಳಿ ಹೊದಿಸಿ ಮನೆಗೆ ಕರೆತಂದು ಮದುವೆಯಾಗುತ್ತಾನೆ, ಸೀರೆಯನ್ನು ಕಣಜದ ರಾಗಿಯೊಳಗೆ ಹೂತಿಡುತ್ತಾನೆ. ಅವಳ ಕಾಲ್ಗುಣದಿಂದ ಮನೆ ಉಕ್ಕುತ್ತದೆ, ಮಕ್ಕಳಾಗುತ್ತವೆ. ಎಷ್ಟೋ ವರ್ಷದ ಮೇಲೆ ಒಂದು ದಿನ ರಾಗಿ ಮೊಗೆಯುವಾಗ ಸೀರೆ ಅವಳ ಕೈಗೆ ಸಿಗುತ್ತದೆ. ಇಲ್ಲಿಗೆ ಬಂದಾಗ ಅವ್ವ ದನಿ ತಗ್ಗಿಸುತ್ತಿದ್ದಳು. "ಸೀರೇನ ಎದೆಗೆ ಒತ್ಕಂಡ್ಲು. ಮಕ್ಳ ಮುಖ ನೋಡಿದ್ಲು. ಮತ್ತೆ ಮಡಿಸಿ ಅಲ್ಲೇ ಇಟ್ಬಿಟ್ಲು. ಹೆಣ್ಣು ಅಂದ್ರೆ ಅದು ಕಣವ್ವಾ."

ಹೆಣ್ಣು ಅಂದರೆ ಅದೇ ಇರಲಿ, ಗಂಡು ಅಂದರೆ ಇದೇನು ಎಂದು ಕೇಳಿದವರನ್ನು ನಾನು ಕಾಣೆ. ಹಿತ್ತಲಲ್ಲಿ ಬೋರಲು ಹಾಕಿದ ತಾಮ್ರದ ಚೊಂಬು ಕದ್ದವನನ್ನು ನಮ್ಮ ಕಡೆ ಕಂಬಕ್ಕೆ ಕಟ್ಟುತ್ತಾರೆ. ಹೆಂಗಸಿನ ಸೀರೆ ಕದ್ದವನಿಗೆ ಬಾಸಿಂಗ ಕಟ್ಟುತ್ತಾರೆ. ಅವನಿಗೆ ಅವಳ ಮೇಲೆ ಪ್ರೀತಿಯಿತ್ತಲ್ಲ ಎಂದು ಸಮಾಧಾನ ಬೇರೆ. ಇದ್ದೀತು, ಬೆಕ್ಕಿಗೂ ಹಾಲಿನ ಮೇಲೆ ಪ್ರೀತಿಯಿರುತ್ತದೆ. ಇನ್ನು ಅವಳ ಹಣೆಬರಹ ಎಂಬ ಮಾತು. ಹಣೆಯ ಮೇಲೆ ಬರೆದವನು ಬ್ರಹ್ಮನೇ ಇರಬಹುದು, ರಾಗಿಯೊಳಗೆ ಹೂತ ಕೈ ಬ್ರಹ್ಮನದಲ್ಲವಲ್ಲ.

ಇಷ್ಟೆಲ್ಲ ಸಿಟ್ಟು ಒಂದು ಅಡಗೂಲಜ್ಜಿ ಕಥೆಗೆ ಏಕೆ ಎನ್ನುವಿರಿ. ಆ ಕಥೆ ನಮ್ಮ ಮನೆಯಲ್ಲೇ ನಡೆಯಿತು, ಅದಕ್ಕೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ದಿನವೂ ಬೆಳಗಿನ ಪ್ಯಾಸೆಂಜರ್ ಹಿಡಿದು ಕಡೂರಿನ ಕಾಲೇಜಿಗೆ ಹೋಗಿಬರುತ್ತಿದ್ದೆ. ಆಗ ನಮ್ಮಣ್ಣನಿಗೆ ಸಖರಾಯಪಟ್ಟಣದಿಂದ ಹೆಣ್ಣು ತಂದರು: ಗಿರಿಜತ್ತಿಗೆ. ಅಯ್ಯನಕೆರೆಯ ಮಗ್ಗುಲಿನವಳೇ ಆದ್ದರಿಂದ ನಾನು ಮೊದಲ ದಿನವೇ ಅವಳನ್ನು ದೇವಕನ್ಯೆ ಎಂದು ರೇಗಿಸಿದೆ. "ನಮ್ಮೂರ ದೇವಕನ್ಯೇರಿಗೆ ಸೆಗಣಿ ಬಾಚೋಕೂ ಬತ್ತೈತೆ ಕಣೇ" ಎಂದು ಅವಳು ನಕ್ಕಳು. ಮೇಷ್ಟ್ರ ಟ್ರೈನಿಂಗ್ ಮುಗಿಸಿ, ಸರ್ಕಾರಿ ಶಾಲೆಯ ಕೆಲಸಕ್ಕೆ ಅರ್ಜಿ ಹಾಕಿ ಕೂತಿದ್ದವಳು. ಹೆಣ್ಣು ನೋಡಲು ಹೋದಾಗ ಅವಳ ತಂದೆ ಅದನ್ನು ಹೇಳಿದ್ದರು, ನಮ್ಮವರು ಉಪ್ಪಿಟ್ಟು ತಿನ್ನುತ್ತ "ಸಿಕ್ರೆ ಮಾಡ್ಲಿ ಬಿಡಿ, ಅದ್ಕೇನು" ಎಂದಿದ್ದರು. ಉಪ್ಪಿಟ್ಟಿನ ಮುಂದೆ ಆಡಿದ ಮಾತಿನ ಆಯುಷ್ಯ ಉಪ್ಪಿಟ್ಟಿನಷ್ಟೇ ಎಂದು ಆ ಬಡಪಾಯಿಗೆ ಗೊತ್ತಿರಲಿಲ್ಲ.

ಅತ್ತಿಗೆ ಬಂದ ವರ್ಷ ಈರುಳ್ಳಿಯ ದರ ಯಾರೂ ಕಾಣದಷ್ಟು ಏರಿತು, ಬತ್ತಿದ್ದ ಹಿತ್ತಲ ಬಾವಿಯಲ್ಲಿ ನೀರು ಕಂಡಿತು. ದೇಶದ ತುಂಬ ಎಲ್ಲರ ಈರುಳ್ಳಿಯ ದರವೂ ಏರಿತ್ತು, ಮಳೆಯೂ ಎಲ್ಲರ ಬಾವಿಗೂ ಬಿದ್ದಿತ್ತು. ಅವರ ಮನೆಗಳಿಗೆಲ್ಲ ಗಿರಿಜತ್ತಿಗೆ ಹೋಗಿರಲಿಲ್ಲ. ಆದರೆ ತರ್ಕಕ್ಕೂ ಅವ್ವನಿಗೂ ಎಣ್ಣೆ ಸೀಗೆಕಾಯಿ. ಸೊಸೆ ಸಾಕ್ಷಾತ್ ಲಕ್ಷ್ಮಿ ಎಂದು ಘೋಷಣೆಯಾಯಿತು. ಮೊಸರಿನ ಕೆನೆ ಲಕ್ಷ್ಮಿಗೆ, ಮೊದಲ ಮೊಳದ ಮಲ್ಲಿಗೆ ಲಕ್ಷ್ಮಿಗೆ, ನನಗೆ ಮಾತ್ರ "ನೀನ್ಯಾಕೆ ಹುಟ್ಟಿದ್ಯೋ" ಎಂಬ ಆಶೀರ್ವಾದ. ಮೊದಲ ದೀಪಾವಳಿಗೆ ಅಣ್ಣ ಅತ್ತಿಗೆ ಸಖರಾಯಪಟ್ಟಣಕ್ಕೆ ಹೋದರು. ಅವರು ಅತ್ತ ಹೋದ ಕೂಡಲೇ ಇತ್ತ ಗಬ್ಬದ ಎಮ್ಮೆ ಸತ್ತಿತು. ಮೇವಿನಲ್ಲಿ ಏನೋ ಕೆಟ್ಟದ್ದು ತಿಂದಿದೆ ಎಂದು ದನದ ಡಾಕ್ಟರು ಹೇಳಿದರು. "ಲಕ್ಷ್ಮಿ ಹೊಸ್ತಿಲು ದಾಟಿದ್ಲು, ಎಮ್ಮೆ ಹೋಯ್ತು" ಎಂದು ಅವ್ವ ಹೇಳಿದಳು. ಊರು ಅವ್ವನನ್ನು ನಂಬಿತು.

ನಮ್ಮ ಮನೆಯಲ್ಲೊಂದು ಪದ್ಧತಿ ಇತ್ತು. ಸೊಸೆ ತವರಿಗೆ ಹೊರಟರೆ ಧಾರೆ ಸೀರೆ ಉಟ್ಟೇ ಹೊಸ್ತಿಲು ದಾಟಬೇಕು, ಬರುವಾಗಲೂ ಅದನ್ನೇ ಉಟ್ಟು ಬರಬೇಕು; ತಪ್ಪಿದರೆ ಎರಡೂ ಮನೆಗೆ ಕೇಡು. ದೀಪಾವಳಿ ಮುಗಿಸಿ ಬಂದ ಅತ್ತಿಗೆ ತನ್ನ ಕುಂಕುಮಗೆಂಪು ಧಾರೆ ಸೀರೆಯನ್ನು ಒಣಗಲು ಹಾಕಿದ್ದಳು. ಸಂಜೆ ಅದು ಅಲ್ಲಿರಲಿಲ್ಲ. ಇಲಿ ಕಾಟ, ನಾನೇ ಜೋಪಾನ ಮಾಡಿದ್ದೀನಿ ಎಂದಳು ಅವ್ವ. ಗೌರಿ ಹಬ್ಬಕ್ಕೆ ಕೇಳಿದಾಗ ಎಲ್ಲಿಟ್ಟೆನೋ ಮರೆತುಹೋಗಿತ್ತು. ತಂಗಿಯ ಸೀಮಂತಕ್ಕೆ ಕೇಳಿದಾಗ ಶುಕ್ರವಾರ, ಪೆಟ್ಟಿಗೆ ತೆಗೆಯಬಾರದಿತ್ತು. ಇನ್ನೊಮ್ಮೆ ಅಮಾವಾಸ್ಯೆ, ಮತ್ತೊಮ್ಮೆ ಬೀಗದ ಕೈ ಸಿಗಲಿಲ್ಲ, ಸಿಗದ ಬೀಗದ ಕೈ ಅವ್ವನ ಸೊಂಟದಲ್ಲಿ ಗಲಗಲ ಎನ್ನುತ್ತಿತ್ತು. ಅಷ್ಟೂ ಹೊತ್ತು ಅವಳು ಸೊಸೆಯ ತಲೆಗೆ ಎಣ್ಣೆ ಹಚ್ಚುತ್ತ, "ನನ್ನ ಕಣ್ಣೇ ಹೋದಂಗಾಗ್ತೈತೆ ಕಣವ್ವಾ ನೀನು ಹೋದ್ರೆ" ಎನ್ನುತ್ತಿದ್ದಳು. ಮಾತು ಸುಳ್ಳಲ್ಲ, ನಿಜವಾಗಿಯೂ ಪ್ರೀತಿಯಿತ್ತು. ನನ್ನ ಮೈ ಉರಿಯುತ್ತಿದ್ದುದೇ ಅದಕ್ಕೆ. ಕೇಡಿಗರಾದರೆ ಬೈದು ಹೊರಡಬಹುದು, ತಲೆಗೆ ಎಣ್ಣೆ ಹಚ್ಚುವವರನ್ನು ಏನು ಮಾಡುವುದು?

ಹಾಗೆಂದು ಅವ್ವನಿಗೆ ಆ ಸಂಕಟ ಗೊತ್ತಿರಲಿಲ್ಲವೆಂದಲ್ಲ. ಅವಳ ತವರು ಶಿವನಿ, ಇಲ್ಲಿಂದ ಕೂಗಳತೆ. ಅವಳ ತಾಯಿ ಹಾಸಿಗೆ ಹಿಡಿದಾಗ ಅವಳ ಅತ್ತೆ, ಎಂದರೆ ನಮ್ಮಜ್ಜಿ, ಅವ್ವನ ಧಾರೆ ಸೀರೆಯ ಪೆಟ್ಟಿಗೆಗೆ ಹೀಗೆಯೇ ಬೀಗದ ಕೈ ಹುಡುಕುತ್ತಲೇ ಇದ್ದಳಂತೆ. ಕೈ ಸಿಕ್ಕುವಷ್ಟರಲ್ಲಿ ಮುಖ ನೋಡುವ ಭಾಗ್ಯವೂ ಉಳಿಯಲಿಲ್ಲ. ಇದನ್ನು ಅವ್ವ ಅಳುತ್ತ ಹೇಳಿದ್ದರೆ ನಾನೂ ಅಳುತ್ತಿದ್ದೆ. ಅವಳು ಹೇಳುತ್ತಿದ್ದುದು ಹೆಮ್ಮೆಯಿಂದ: "ಆದ್ರೂ ನಾನು ಸೀರೆ ಇಲ್ದೆ ಹೊಸ್ತಿಲು ದಾಟ್ಲಿಲ್ಲ." ಸುಟ್ಟುಕೊಂಡ ಕೈ ಬೆಂಕಿ ಆರಿಸಬೇಕಲ್ಲವೇ? ನಮ್ಮಲ್ಲಿ ಅದು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತದೆ.

ಆ ಗೌರಿ ಹಬ್ಬದ ಮರುವರ್ಷ ಮುಂಗಾರಿಗೆ ಅತ್ತಿಗೆಗೆ ಕೆಲಸ ಬಂತು, ಸಖರಾಯಪಟ್ಟಣದ ಪಕ್ಕದ ಹಳ್ಳಿಯ ಶಾಲೆಯಲ್ಲಿ. ಸೋಮವಾರದೊಳಗೆ ಹೋಗಿ ಹಾಜರಾಗಬೇಕು, ಇಲ್ಲದಿದ್ದರೆ ಕೆಲಸ ಮತ್ತೊಬ್ಬರ ಪಾಲು. ಅವಳ ತಂದೆ ಬೆವರು ಒರೆಸಿಕೊಳ್ಳುತ್ತ ಕರೆದೊಯ್ಯಲು ಬಂದರು. ಅವ್ವ ಕಾಫಿ ಕೊಟ್ಟು, "ಧಾರೆ ಸೀರೆ ಹುಡುಕ್ಸಿ, ಉಡ್ಸಿ ನಾನೇ ಅವ್ಳನ್ನ ಕಳಿಸ್ಕೊಡ್ತೀನಿ" ಎಂದಳು. ಅವರು "ಆಗ್ಲಿ ತಾಯಿ" ಎಂದು ಎದ್ದು ಬಸ್ಸಿಗೆ ಹೋದರು. ಮಗಳ ಮುಖವನ್ನು ಒಂದು ಸಲ ನೋಡಿದ್ದರೆ ಆ ಮಹಾನುಭಾವರ ಗಂಟೇನು ಹೋಗುತ್ತಿತ್ತೋ.

ಭಾನುವಾರದ ಸಂಜೆ ಅಣ್ಣ ಊಟಕ್ಕೆ ಕೂತಿದ್ದ. ಅಣ್ಣ ಕೆಟ್ಟವನಲ್ಲ. ತರೀಕೆರೆಗೆ ಹೋದಾಗಲೆಲ್ಲ ಹೆಂಡತಿಗೆ ಹೂ ತರುವವನು, ಅವಳು ಕೇಳಲೆಂದು ಟ್ರಾನ್ಸಿಸ್ಟರ್ ಕೊಂಡವನು. ಅತ್ತಿಗೆ ಮುದ್ದೆ ಬಡಿಸಿ, ಎದುರಿಗೆ ನಿಂತೇ ಕೇಳಿದಳು: "ನನ್ನ ಸೀರೆ ಎಲ್ಲೈತೆ ಅಂತ ನಿಮ್ಗೆ ಗೊತ್ತೈತೇನ್ರೀ?"

"ಅವ್ವನ ಮನ್ಸು ನೋಯಿಸ್ಬೇಡ ಕಣೇ. ನೀನು ಹೋದ್ರೆ ನಾನು ಹೆಂಗಿರ್ಲಿ ಹೇಳು."

"ನಾನು ಕೇಳಿದ್ದು ಸೀರೆ."

ಅಣ್ಣ ಮುದ್ದೆಯನ್ನು ಸಾರಿನಲ್ಲಿ ಹೊರಳಿಸುತ್ತಲೇ ಇದ್ದ. "ಅವ್ವನ ಪೆಟ್ಟಿಗೇಲೈತೆ" ಎಂದ ಕೊನೆಗೆ.

ಮೊದಲಿನಿಂದಲೂ ಗೊತ್ತಿತ್ತು ಅವನಿಗೆ. ಹೂ ತಂದ ದಿನಗಳಲ್ಲೂ ಗೊತ್ತಿತ್ತು. ಅತ್ತಿಗೆ ಜಗಳವಾಡಲಿಲ್ಲ, ಅಳಲೂ ಇಲ್ಲ. ಅವನಿಗೆ ಇನ್ನೊಂದು ಸೌಟು ಸಾರು ಬಡಿಸಿ ಒಳಗೆ ಹೋದಳು.

ಸೋಮವಾರ ಬೆಳಗ್ಗೆ ನಾನು ಪುಸ್ತಕ ಹಿಡಿದು ರೈಲಿಗೆ ಹೊರಟಾಗ ಅವಳು ಹಿತ್ತಲ ತಂತಿಯಿಂದ ದಿನಬಳಕೆಯ ವಾಯಿಲ್ ಸೀರೆಯೊಂದನ್ನು ಎಳೆದು ಉಟ್ಟುಕೊಂಡು ಬಂದಳು. ಸೆರಗಿನಲ್ಲಿ ಅರಿಶಿನದ ಕಲೆ, ಅಂಚು ಇನ್ನೂ ಹಸಿ. ಅವ್ವ ಬಾಗಿಲಲ್ಲಿ ನಿಂತಿದ್ದಳು. "ಏನೇ, ಈ ಒದ್ದೆ ಸೀರೇಲಿ ಹೊಸ್ತಿಲು ದಾಟ್ತೀಯಾ?"

"ಆ ಸೀರೆ ನಿಮ್ಮತ್ರಾನೇ ಇರ್ಲಿ ಅತ್ತೆ. ನಾನು ಹೋಗ್ಬತ್ತೀನಿ."

ಬಗ್ಗಿ ಕಾಲು ಮುಟ್ಟಿ, ಹೊಸ್ತಿಲು ದಾಟಿದಳು. ತೊಲೆ ಮುರಿದು ಬೀಳಲಿಲ್ಲ, ಬಾವಿ ಬತ್ತಲಿಲ್ಲ, ಜಗಲಿಯ ಮೇಲಿದ್ದ ಬೆಕ್ಕು ಕಣ್ಣು ಸಹ ಬಿಡಲಿಲ್ಲ. ತಲೆಮಾರುಗಳಿಂದ ಈ ಮನೆಯ ಹೆಂಗಸರನ್ನು ಕಟ್ಟಿಹಾಕಿದ್ದ ಪದ್ಧತಿ ಇಷ್ಟೇ ಇಷ್ಟಾಗಿತ್ತು. ಅದನ್ನು ಯಾರೂ ಪರೀಕ್ಷಿಸಿ ನೋಡಿರಲಿಲ್ಲ, ಅಷ್ಟೆ. ಕಾಲೇಜಿನಲ್ಲಿ ಸ್ತ್ರೀ ಸ್ವಾತಂತ್ರ್ಯದ ಮೇಲೆ ಮೇಜು ಗುದ್ದಿ ಮಾತಾಡಿ ಸ್ಟೀಲ್ ಲೋಟ ಬಹುಮಾನ ಗೆದ್ದ ವಾಗ್ಮಿಯಾದ ನಾನು ಆ ಘಳಿಗೆಯಲ್ಲಿ ಮಾಡಿದ ಕ್ರಾಂತಿಯೆಂದರೆ ಅವಳ ಕೈಚೀಲ ಹಿಡಿದುಕೊಂಡದ್ದು.

ರೈಲಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು. "ಹೆದ್ರಿಕೆ ಆಗ್ತೈತೆ ಕಣೇ ಶಾಂತ" ಎಂದಳು. ಸ್ವಲ್ಪ ದೂರ ಹೋದ ಮೇಲೆ ಹಸಿ ಸೆರಗನ್ನು ಕಿಟಕಿಯಾಚೆ ಗಾಳಿಗೆ ಹಿಡಿದಳು, ಬೀರೂರು ಬರುವವರೆಗೂ ಅದು ಪಟಪಟ ಹೊಡೆದುಕೊಳ್ಳುತ್ತಿತ್ತು. ಒಣಗಿದ ಸೆರಗನ್ನು ಒಳಗೆ ಎಳೆದುಕೊಂಡು, "ಏನೋ ಆಗೋಗ್ತೈತೆ ಅಂದ್ಕಂಡಿದ್ದೆ. ಏನೂ ಆಗ್ಲಿಲ್ಲ ನೋಡು" ಎಂದು ನಕ್ಕಳು, ಆಮೇಲೆ ಅತ್ತಳು. ಕಡೂರಿನಲ್ಲಿ ಅವಳನ್ನು ಸಖರಾಯಪಟ್ಟಣದ ಬಸ್ಸು ಹತ್ತಿಸಿ ನಾನು ಕ್ಲಾಸಿಗೆ ಹೋದೆ. ಪಾಠ ಏನು ನಡೆಯಿತೋ ದೇವರಿಗೇ ಗೊತ್ತು.

ಆ ವರ್ಷ ಈರುಳ್ಳಿ ದರ ಬಿತ್ತು. ಲಕ್ಷ್ಮಿ ಹೋದಳೆಂದು ಬೀದಿಯೆಲ್ಲ ಮಾತಾಡಿತು. ಮರುವರ್ಷ ಏರಿತು, ಆಗ ಯಾರೂ ಬಾಯಿ ಬಿಡಲಿಲ್ಲ. ಅಣ್ಣ ಮಳೆಗಾಲವೆಲ್ಲ ಮುಖ ಊದಿಸಿಕೊಂಡಿದ್ದು, ಒಂದು ಶನಿವಾರ ಹೂವಿನ ಪೊಟ್ಟಣ ಹಿಡಿದು ಸಖರಾಯಪಟ್ಟಣದ ಬಸ್ಸು ಹತ್ತಿದ. ಅತ್ತಿಗೆ ಬಾಗಿಲಲ್ಲೇ ನಿಲ್ಲಿಸಿ ಏನೇನೋ ಕೇಳಿದಳಂತೆ; ಏನೆಂದು ಇಬ್ಬರೂ ನನಗೆ ಹೇಳಿಲ್ಲ. ಈಗ ಕಡೂರಿನಲ್ಲಿ ಬಾಡಿಗೆ ಮನೆ ಮಾಡಿದ್ದಾರೆ, ಅವಳು ಅಲ್ಲಿಂದ ಶಾಲೆಗೆ, ಅವನು ಅಲ್ಲಿಂದ ಜಮೀನಿಗೆ. ನೆಂಟರೆಲ್ಲ ಹೆಂಡತಿಗಾಗಿ ಅಣ್ಣ ಮಾಡಿದ ತ್ಯಾಗವನ್ನು ಕೊಂಡಾಡುತ್ತಾರೆ. ಕೇಳಿದಾಗಲೆಲ್ಲ ನನಗೆ ಬಿಕ್ಕಳಿಕೆ ಬರುತ್ತದೆ.

ಈ ಸಲ ದೀಪಾವಳಿ ರಜೆಗೆ ಅವರ ಆರು ವರ್ಷದ ಮಗಳು ಅಜ್ಜಂಪುರಕ್ಕೆ ಬಂದಿದ್ದಳು. ಮಾಳಿಗೆಯ ಮೇಲೆ ನಾನು ಸೀರೆ ಹರವುತ್ತಿದ್ದೆ. ಅವ್ವ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು, ಮಡಿಲಿಂದ ಆ ಕುಂಕುಮಗೆಂಪು ಸೀರೆಯನ್ನು ತೆಗೆದು ನನ್ನ ಮುಂದಿಟ್ಟಳು. ಇಷ್ಟು ವರ್ಷ ಅದಕ್ಕೆ ಬಿಸಿಲು ತೋರಿಸಿರಲಿಲ್ಲ. ತೋರಿಸಿದರೆ ಸೀರೆ ಇದೆಯೆಂದು ಒಪ್ಪಿಕೊಂಡಂತಾಗುತ್ತಿತ್ತಲ್ಲ. ನಾನು ಬಿಡಿಸಿದೆ. ಒಂದೊಂದು ಮಡಿಕೆಯೂ ಗೆರೆ ಕೊಯ್ದಂತೆ ಸೀಳಿತು.

ಅವ್ವ ಅದನ್ನೇ ನೋಡುತ್ತ ಕೂತಳು. "ಉಟ್ಟಿದ್ರೆ ಉಳೀತಿತ್ತು" ಎಂದಳು.

"ಉಡೋಕೆ ನೀನು ಬಿಟ್ಟಿದ್ರಲ್ವಾ ಅವ್ವ" ಎಂದೆ. ವರ್ಷಗಳಿಂದ ಸಿದ್ಧಪಡಿಸಿದ್ದ ಭಾಷಣದಲ್ಲಿ ಹೊರಬಂದದ್ದು ಇಷ್ಟೇ. ಅಷ್ಟರಲ್ಲಿ ಮಗು ಅಜ್ಜಿಯ ತೊಡೆ ಏರಿ, ಕಥೆ ಹೇಳು ಎಂದು ಹಟ ಹಿಡಿಯಿತು.

ಅವ್ವ ಅದೇ ಕಥೆ ಹೇಳಿದಳು. ಅದೇ ಕೆರೆ, ಅದೇ ಹುಡುಗ, ಅದೇ ರಾಗಿಯ ಕಣಜ. ಸೀರೆ ಸಿಗುವ ಜಾಗಕ್ಕೆ ಬಂದಾಗ ನಾನು ಕಿವಿ ನೆಟ್ಟಗೆ ಮಾಡಿದೆ. ಎದೆಗೆ ಒತ್ತಿಕೊಂಡಳು, ಮಕ್ಕಳ ಮುಖ ನೋಡಿದಳು ಎಂದು ಶುರುವಾದರೆ ನುಸಿಗುಳಿಗೆಯ ಡಬ್ಬಿ ಎತ್ತಿ ಎಸೆಯುವುದೆಂದೇ ತೀರ್ಮಾನಿಸಿದ್ದೆ.

"ಸೀರೆ ಸಿಕ್ತು. ತೆಗೆದು ನೋಡಿದ್ರೆ ಮಡಿಕೇಲೆಲ್ಲ ಸೀಳೋಗಿತ್ತು" ಎಂದಳು ಅವ್ವ.

"ಮತ್ತೆ ಹೆಂಗೆ ಹಾರೋದ್ಲಜ್ಜಿ?"

ಅವ್ವ ನನ್ನ ಕಡೆ ನೋಡಲಿಲ್ಲ. "ಹಾರ್ಲಿಲ್ಲ ಕಣವ್ವಾ. ಬೆಳಗಿನ ರೈಲಿಗೆ ಹೋದ್ಲು" ಎಂದಳು.

ಇದರಿಂದ ನನ್ನ ಸಿಟ್ಟು ಇಳಿಯಿತೆಂದು ತಿಳಿಯಬೇಡಿ. ಈ ಮಾತನ್ನು ಅವಳು ಆ ಸೋಮವಾರವೇ ಹೇಳಬಹುದಿತ್ತು. ಆದರೆ ಆ ಸೀರೆಯನ್ನು ನಾನು ಹಳೆಯ ಮಡಿಕೆಯಲ್ಲೂ ಮಡಿಸಲಿಲ್ಲ, ಹೊಸ ಮಡಿಕೆಯಲ್ಲೂ ಮಡಿಸಲಿಲ್ಲ. ಸೀಳಿದ ಕಡೆ ಕತ್ತರಿಸಿ ತೆಗೆದರೆ ನಡುನಡುವೆ ಗಟ್ಟಿ ಬಟ್ಟೆ ಬೇಕಾದಷ್ಟು ಉಳಿದಿತ್ತು. ದರ್ಜಿಗೆ ಕೊಟ್ಟು ಮಗುವಿಗೊಂದು ಲಂಗ ಹೊಲಿಸಿದೆ, ಓಡಲು ಅಡ್ಡಿಯಾಗದ ಹಾಗೆ ಅಗಲವಾಗಿ.