ದಾವಲ್ ಸಾಬ್ ಬಿಚ್ಚಿದ ಗಂಟು

ಹರಪನಹಳ್ಳಿಯಿಂದ ದಾವಣಗೆರೆಗೆ ಹೋಗುವ ಬೆಳಗಿನ ಮೊದಲ ಬಸ್ಸು ಡ್ರೈವರ್ ಇಲ್ಲದಿದ್ದರೂ ಹೊರಟೀತು, ದಾವಲ್ ಸಾಬ್ ಇಲ್ಲದೆ ಹೊರಡದು ಎಂದು ಜನ ತಮಾಷೆ ಮಾಡುತ್ತಿದ್ದರು. ಬಸ್ಸು ಅವನದಲ್ಲ, ಅವನು ಕಂಡಕ್ಟರೂ ಅಲ್ಲ. ಅವನು ಬುತ್ತಿ ಒಯ್ಯುವವನು. ದಾವಣಗೆರೆಯಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದ ಊರಿನ ಹುಡುಗರಿಗೆ ಮನೆಯ ರೊಟ್ಟಿ ಪಲ್ಯ ಮುಟ್ಟಬೇಕಲ್ಲ. ಇಪ್ಪತ್ತು ಇಪ್ಪತ್ತೈದು ಡಬ್ಬಿಗಳನ್ನು ಮನೆಮನೆಗೆ ಹೋಗಿ ಈಸಿಕೊಂಡು, ಬಸ್ಸಿನ ಹಿಂದಿನ ಸೀಟಿನಲ್ಲಿ ಜೋಡಿಸಿ, ಅಲ್ಲಿ ಇಳಿದು ಬಾಡಿಗೆ ಸೈಕಲ್ಲಿಗೆ ನೇತುಹಾಕಿಕೊಂಡು ಓಣಿಓಣಿ ಹಂಚುತ್ತಿದ್ದ. ಮಧ್ಯಾಹ್ನ ಹುಡುಗರು ಉಂಡ ಮೇಲೆ ಅದೇ ಡಬ್ಬಿಗಳನ್ನು ಮತ್ತೆ ಕೂಡಿಸಿಕೊಂಡು ಸಂಜೆಯ ಬಸ್ಸಿಗೆ ಊರಿಗೆ ತರುತ್ತಿದ್ದ.

ಸಾಬರ ಕೈಯಲ್ಲಿ ನಮ್ಮ ಮನೆಯ ಅಡುಗೆಯೇ ಎಂದು ಮೊದಮೊದಲು ಕೆಲವು ಮನೆಗಳ ಮುದುಕಿಯರು ಮುಖ ಸಿಂಡರಿಸಿದ್ದರು. ಅದಕ್ಕೆ ದಾವಲ್ ಸಾಬ್ ಬೇಸರ ಮಾಡಿಕೊಳ್ಳಲಿಲ್ಲ. "ಬಟ್ಟ್ಯಾಗ ಗಂಟು ಹಾಕಿ ಕೊಡ್ರಿ ಅವ್ವಾರ. ನೀವು ಹಾಕಿದ ಗಂಟು ನಿಮ್ಮ ಮಗನ ಬಿಚ್ಚಬೇಕು, ನಾನಲ್ಲ" ಎಂದಿದ್ದ. ಹನ್ನೊಂದು ವರ್ಷದಲ್ಲಿ ಒಂದೇ ಒಂದು ಗಂಟು ಅವನ ಕೈಯಲ್ಲಿ ಸಡಿಲವಾಗಿರಲಿಲ್ಲ. ಇನ್ನೊಂದು ಕಟ್ಟುನಿಟ್ಟೂ ಅವನಿಗಿತ್ತು. ಅಲ್ಲಿಯ ಮಾತು ಇಲ್ಲಿಗೆ ತರುತ್ತಿರಲಿಲ್ಲ. ಒಮ್ಮೆ ಬಾಯಿತಪ್ಪಿ, ನಿಮ್ಮ ಹುಡುಗ ಸಿನಿಮಾ ಟಾಕೀಸಿನ ಮುಂದೆ ಕಂಡ ಎಂದು ಯಾರದೋ ತಂದೆಗೆ ಹೇಳಿದ್ದ. ಆ ತಂದೆ ಮಾರನೆಯ ದಿನವೇ ಮಗನನ್ನು ಕಾಲೇಜು ಬಿಡಿಸಿ ಎತ್ತಿನ ಹಿಂದೆ ನಿಲ್ಲಿಸಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅಂದಿನಿಂದ ಅವನು ತುಟಿ ಹೊಲಿದುಕೊಂಡಿದ್ದ.

ಅವನು ಒಯ್ಯುವ ಡಬ್ಬಿಗಳಲ್ಲಿ ಎಲ್ಲಕ್ಕಿಂತ ಭಾರದ್ದು ದಾಕ್ಷಾಯಣಮ್ಮನದು. ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಉಜ್ಜಿನಪ್ಪನ ಹೆಂಡತಿ. ಅವಳ ಒಬ್ಬನೇ ಮಗ ಗುರುಸಂಗಪ್ಪ ಡಾಕ್ಟರಿಕೆ ಓದುತ್ತಿದ್ದ. ಊರಿನಲ್ಲಿ ಆ ಕಾಲಕ್ಕೆ ಅದೇನು ಸಣ್ಣ ಮಾತೇ? ಹುಡುಗ ಸೀಟು ಹಿಡಿದ ವರ್ಷವೇ ಉಜ್ಜಿನಪ್ಪ ಅಂಗಡಿಯ ಪಕ್ಕದ ಕೋಣೆ ಖಾಲಿ ಮಾಡಿಸಿ, ಸುಣ್ಣ ಹೊಡೆಸಿ, ಡಾಕ್ಟರ ಹೆಸರಿನ ಬೋರ್ಡು ಬರೆಸಿ ಗೋಡೆಗೆ ಆನಿಸಿಟ್ಟಿದ್ದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದೆಂದರೆ ಇದೇ. ರಜೆಗೆ ಬಂದ ಹುಡುಗನ ಮುಂದೆ ಓಣಿಯ ಹೆಂಗಸರು ಮೊಣಕಾಲು ಬಾವು, ಕೂಸಿನ ಕಿವಿ ಸೋರುವುದು ಎಲ್ಲ ತಂದು ತೋರಿಸುತ್ತಿದ್ದರು. ಅವನಿನ್ನೂ ಮೊದಲ ವರ್ಷದ ಮೂಳೆಗಳ ಹೆಸರು ಬಾಯಿಪಾಠ ಮಾಡುತ್ತಿದ್ದ.

ದಾಕ್ಷಾಯಣಮ್ಮ ಮಗನ ಪತ್ರಕ್ಕಿಂತ ಡಬ್ಬಿಯನ್ನು ಹೆಚ್ಚು ನಂಬುತ್ತಿದ್ದಳು. ಸಂಜೆ ಡಬ್ಬಿ ಬಂತೆಂದರೆ ಪಡಸಾಲೆಯಲ್ಲಿ ಕೂತು ಬಿಚ್ಚುವಳು. ಮೊಸರು ಹಾಗೇ ಉಳಿದಿದ್ದರೆ ನೆಗಡಿಯಾಗಿದೆ. ರೊಟ್ಟಿಯ ಅಂಚು ಉಳಿದಿದ್ದರೆ ಗಡಿಬಿಡಿಯಲ್ಲಿ ಉಂಡಿದ್ದಾನೆ. ಪುಂಡಿಪಲ್ಯ ಬಳಿದು ಹಾಕಿದ್ದರೆ ಖುಷಿಯಲ್ಲಿದ್ದಾನೆ. ನಲವತ್ತು ಕಿಲೋಮೀಟರು ದೂರದ ಮಗನನ್ನು ಅವಳು ದಿನಾ ಹೀಗೆ ಮುಟ್ಟಿ ನೋಡುತ್ತಿದ್ದಳು.

ಎಪ್ಪತ್ತೊಂಬತ್ತನೇ ಇಸವಿಯ ಬೇಸಿಗೆಗೆ ಮೊದಲ ಪರೀಕ್ಷೆಯ ಫಲಿತಾಂಶ ಬಂತು. ಪಾಸಾಗಿದ್ದೇನೆ ಎಂದು ಗುರುಸಂಗಪ್ಪ ಪತ್ರ ಬರೆದ. ಉಜ್ಜಿನಪ್ಪ ಪೇಟೆಗೆಲ್ಲ ಪೇಡೆ ಹಂಚಿದ. ದಾವಲ್ ಸಾಬನೂ ಒಂದು ಬಾಯಿಗೆ ಹಾಕಿಕೊಂಡು ಇನ್ನೊಂದನ್ನು ಹೆಂಡತಿ ಮುನ್ನೀ ಬೀಗೆ ಒಯ್ದ. ಮಾರನೆಯ ದಿನ ದಾವಣಗೆರೆಯ ರೂಮಿನ ಬಾಗಿಲಲ್ಲಿ ಡಬ್ಬಿ ಕೊಡುತ್ತ, "ಏನ್ರಿ ಡಾಕ್ಟರ್ ಸಾಬ್, ಪೇಡೆ ಭಾಳ ಚಲೋ ಇತ್ತು" ಎಂದ. ಹುಡುಗನ ಮುಖ ಸುಣ್ಣವಾಯಿತು. "ಹಂಗ ಕರಿಬ್ಯಾಡ ಕಾಕಾ" ಎಂದವನೇ ಒಳಗೆ ಹೋಗಿಬಿಟ್ಟ.

ಅದೇ ರೂಮಿನಲ್ಲಿದ್ದ ಕೂಡ್ಲಿಗಿ ಕಡೆಯ ಗಾದೆಪ್ಪ ಸೈಕಲ್ಲಿನವರೆಗೆ ಬಂದು ಸಣ್ಣ ದನಿಯಲ್ಲಿ ಹೇಳಿದ. "ಅವ ಡುಮ್ಕಿ ಹೊಡ್ದಾನ ಕಾಕಾ. ಬರೆಯೋದರಾಗ ಅಲ್ಲ. ಬಾಯಿಲೆ ಕೇಳ್ತಾರಲ್ಲ, ವೈವಾ, ಅದರಾಗ. ಎಲ್ಲಾ ಬರ್ತಿತ್ತು ಅವಂಗ. ಇಂಗ್ಲಿಷಿನ್ಯಾಗ ಕೇಳಿದ್ರು ಅಂದ್ರ ನಾಲಿಗಿ ಏಳಂಗಿಲ್ಲ. ಕನ್ನಡ ಸಾಲ್ಯಾಗ ಓದಿ ಬಂದೋರು ನಾವು, ಎಲ್ರದೂ ಅದ ಹಣೆಬರಹ. ಮನಿಗೆ ಹೇಳಬ್ಯಾಡ. ಆರು ತಿಂಗಳಿಗೆ ಮತ್ತ ಪರೀಕ್ಷೆ ಐತಿ, ಪಾಸಾಗ್ತಾನ."

ಎಲ್ಲರದೂ ಅದೇ ಹಣೆಬರಹ ಎಂಬ ಮಾತು ಸುಳ್ಳಾಗಿರಲಿಲ್ಲ. ನಾಲ್ಕು ಹುಡುಗರ ಆ ರೂಮಿಗೆ ದಾವಲ್ ಸಾಬ್ ಎರಡು ವರ್ಷದಿಂದ ಹೋಗಿಬರುತ್ತಿದ್ದ. ಮಂಚದ ಕೆಳಗೆ ಟ್ರಂಕಿನಲ್ಲಿ ಮನುಷ್ಯರ ಎಲುಬು. ಗೋಡೆಯ ಮೇಲೆ ತೊಗಲು ಸುಲಿದ ಮನುಷ್ಯನ ಪಟ. ಒಬ್ಬ ಪುಸ್ತಕ ಹಿಡಿದು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ತಿರುಗುತ್ತಿದ್ದರೆ ಇನ್ನೊಬ್ಬ ಹಾಡುಹಗಲಲ್ಲೇ ಮುಸುಕು ಹೊದ್ದು ಮಲಗಿರುತ್ತಿದ್ದ. ಇಪ್ಪತ್ತರ ಹುಡುಗರ ತಲೆಯಲ್ಲಿ ಕೂದಲು ಉದುರಿ ಬೋಳು ಕಾಣುತ್ತಿತ್ತು. ಅದಕ್ಕೇ ಯಾರಿಗೂ ಯಾರದೂ ವಿಶೇಷ ಅನ್ನಿಸುತ್ತಿರಲಿಲ್ಲ. ಎಲ್ಲರೂ ಕೆಮ್ಮುವ ಮನೆಯಲ್ಲಿ ಕ್ಷಯದವನ ಕೆಮ್ಮು ಯಾರಿಗೆ ಕೇಳಿಸೀತು?

ಮಳೆಗಾಲ ಕಳೆದು ಎರಡನೇ ಪರೀಕ್ಷೆ ಹತ್ತಿರ ಬಂದಾಗ ಗುರುಸಂಗಪ್ಪನ ಡಬ್ಬಿ ಒಂದು ದಿನ ತುಂಬಿದ್ದು ತುಂಬಿದಂತೆ ವಾಪಸು ಬಂತು. ಗಂಟು ಕೂಡ ಬಿಚ್ಚಿರಲಿಲ್ಲ. ದಾಕ್ಷಾಯಣಮ್ಮ ಅದನ್ನು ಮುಂದಿಟ್ಟುಕೊಂಡು ಸುಮ್ಮನೆ ಕೂತಳು, ತಾನೂ ಉಣ್ಣಲಿಲ್ಲ. ಮರುದಿನವೂ ಹಾಗೇ ಆಯಿತು. ಮೂರನೆಯ ದಿನ, "ನೀವು ಹೋಗಿ ನೋಡಿ ಬರ್ರಿ" ಎಂದು ಗಂಡನನ್ನು ಕಳಿಸಿದಳು. ಉಜ್ಜಿನಪ್ಪ ಕೆಟ್ಟವನಲ್ಲ, ಆದರೆ ಪ್ರೀತಿಯನ್ನೂ ಗದರಿಯೇ ಹೇಳುವ ಜಾತಿ. ರೂಮಿನಲ್ಲಿ ಗೆಳೆಯರೆಲ್ಲ ಇರುವಾಗಲೇ, "ಉಣ್ಣಾಕ ಆಗದವ ಓದಾಕ ಹೆಂಗಾಗ್ತಾನಲೇ? ನಿಮ್ಮವ್ವ ಉಪವಾಸ ಕುಂತಾಳ ನಿನ್ನ ಸಲುವಾಗಿ. ಇಡೀ ಊರ ನಿನ್ನ ದಾರಿ ಕಾಯಾಕತ್ತೈತಿ" ಎಂದು ಕೂಗಾಡಿದ. ಹುಡುಗ ತಲೆ ತಗ್ಗಿಸಿ ನಿಂತೇ ಇದ್ದ. ಡಬ್ಬಿ ಕೊಡಲು ಬಂದ ದಾವಲ್ ಸಾಬ್ ಬಾಗಿಲಾಚೆ ನಿಂತು ಎಲ್ಲ ಕೇಳಿಸಿಕೊಂಡ.

ಆ ಮಧ್ಯಾಹ್ನ ಉಜ್ಜಿನಪ್ಪ ಬಸ್ಸು ಹತ್ತಿ ಹೋದ ಮೇಲೆ ಗುರುಸಂಗಪ್ಪ ಓಣಿಯ ತಿರುವಿನ ತನಕ ಬಂದು ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡ. "ಕಾಕಾ, ಹೊಟ್ಟಿಗೆ ಏನೂ ಹೋಗವಲ್ದು. ತುತ್ತು ಬಾಯಾಗ ಇಟ್ಟರ ಉಬ್ಬಳಿಕೆ ಬರ್ತೈತಿ. ಪರೀಕ್ಷೆ ಮುಗಿಯೋ ತನಕ ತುಂಬಿದ ಡಬ್ಬಿ ಮನಿಗೆ ಒಯ್ಯಬ್ಯಾಡ. ಎಲ್ಲ್ಯಾರ ಖಾಲಿ ಮಾಡು. ಅವ್ವ ಉಪವಾಸ ಕುಂದರತಾಳ, ಅಪ್ಪ ಮತ್ತ ಬರ್ತಾನ. ನಿನ್ನ ಕಾಲಿಗೆ ಬೀಳ್ತೀನಿ."

"ಹಂಗೆಲ್ಲ ಅನ್ನಬ್ಯಾಡಪ್ಪ" ಎಂದ ದಾವಲ್ ಸಾಬ್. ಬಸ್ ಸ್ಟ್ಯಾಂಡಿಗೆ ಬಂದು ಒಂದು ಮೂಲೆಯಲ್ಲಿ ಕೂತು, ಹನ್ನೊಂದು ವರ್ಷ ಬಿಚ್ಚದ ಗಂಟನ್ನು ಬಿಚ್ಚಿದ. ರೊಟ್ಟಿ ಪಲ್ಯವನ್ನು ಅಲ್ಲಿ ಕೂರುತ್ತಿದ್ದ ಕುರುಡಿ ಮುದುಕಿಗೆ ಕೊಟ್ಟ. ನಲ್ಲಿಯಲ್ಲಿ ಡಬ್ಬಿಯನ್ನು ಅರೆಬರೆ ತೊಳೆದು, ಮೊದಲಿದ್ದ ಹಾಗೆಯೇ ಕಟ್ಟಿದ. ತಾಯಿಯ ಹೊಟ್ಟೆ ತಣ್ಣಗಿರಲಿ ಎಂದೇ ಮಾಡಿದ್ದು. ಆದರೆ ಉಚ್ಚಂಗಿದುರ್ಗದ ಗುಡ್ಡ ಹಿಂದಾಗುವ ತನಕ ಆ ಡಬ್ಬಿ ಅವನ ತೊಡೆಯ ಮೇಲೆ ತುಂಬಿದ ಡಬ್ಬಿಗಿಂತ ಭಾರವಾಗಿತ್ತು.

ದಾಕ್ಷಾಯಣಮ್ಮನ ಮುಖ ಅರಳಿದ್ದನ್ನು ನೋಡಿ ಅವನಿಗೆ ಸಮಾಧಾನವಾಯಿತು, ಅದೇ ಹೊತ್ತಿಗೆ ಹೆದರಿಕೆಯೂ ಆಯಿತು. ಮರುದಿನ ಅವಳು ರೊಟ್ಟಿ ಒಂದು ಹೆಚ್ಚಿಗೆ ಹಾಕಿದಳು. ಅದರ ಮರುದಿನ ಎಣ್ಣೆಗಾಯಿ, ಮತ್ತೊಂದು ದಿನ ಸಜ್ಜಕ. ಡಬ್ಬಿ ದಿನಾ ಖಾಲಿ ಬರುತ್ತಿತ್ತು. ಕುರುಡಿ ಮುದುಕಿ ಮೈತುಂಬಿಕೊಂಡಳು. ಗುರುಸಂಗಪ್ಪ ಚಹಾ ಬಿಸ್ಕೀಟಿನ ಮೇಲೆ ಬದುಕಿ ಗೂಟಕ್ಕೆ ಅಂಗಿ ಸಿಕ್ಕಿಸಿದ ಹಾಗೆ ಕಾಣುತ್ತಿದ್ದ. ಮಾತಾಡಿಸಿದರೆ ಹೂಂ ಎನ್ನುತ್ತಿದ್ದ, ಕಣ್ಣು ಬೇರೆಲ್ಲೋ ಇರುತ್ತಿತ್ತು.

ಹೆಂಡತಿಯ ಮುಂದೆ ದಾವಲ್ ಸಾಬ್ ಬಾಯಿ ಬಿಟ್ಟ. ಮುನ್ನೀ ಬೀ ಹೆಚ್ಚು ಮಾತಿನವಳಲ್ಲ. "ಹಡದಾಕಿಗೆ ಗೊತ್ತಾಗೋದನ್ನ ನೀ ಮುಚ್ಚಿಡಾಕತ್ತೀ. ನಾಳಿ ಏನಾರ ಹೆಚ್ಚುಕಮ್ಮಿ ಆದ್ರ ಯಾರಿಗೆ ಉತ್ತರ ಹೇಳ್ತಿ? ಹೋಗಿ ಹೇಳಿಬಿಡು" ಎಂದಳು. ಹೇಳುತ್ತೇನೆ ಎಂದೇ ಅವನು ಶುಕ್ರವಾರ ಸಂಜೆ ಆ ಮನೆಯ ಕಟ್ಟೆ ಹತ್ತಿದ. ಪಡಸಾಲೆಯಲ್ಲಿ ನೆರೆಮನೆಯ ನಾಗಲಿಂಗಮ್ಮ ಕೂತಿದ್ದಳು. "ನೋಡ್ರಿ ನಾಗಲಿಂಗಮ್ಮ, ಅವರಪ್ಪ ಹೋಗಿ ಗದರಿಸಿ ಬಂದಿದ್ದ ಚಲೋ ಆತು. ಈಗ ಒಂದು ಅಗಳು ಬಿಡಂಗಿಲ್ಲ ನನ ಮಗ" ಎಂದು ದಾಕ್ಷಾಯಣಮ್ಮ ಖಾಲಿ ಡಬ್ಬಿ ಎತ್ತಿ ತೋರಿಸಿದಳು. ಪರೀಕ್ಷೆಗೆ ಇನ್ನು ನಾಲ್ಕೇ ದಿನ, ಮುಗಿದ ಮೇಲೆ ತಾನೇ ಸರಿಹೋದೀತು ಅಂದುಕೊಂಡು ದಾವಲ್ ಸಾಬ್ ಹೇಳದೆಯೇ ಮೆಟ್ಟಿಲಿಳಿದ. ಇದೊಂದು ಹೆಜ್ಜೆಗೆ ನನಗೆ ಅವನ ಮೇಲೆ ಇವತ್ತಿಗೂ ಸಿಟ್ಟು ಬರುತ್ತದೆ. ಅವನ ಜಾಗದಲ್ಲಿದ್ದರೆ ನಾನೂ ಇಳಿದೇ ಬರುತ್ತಿದ್ದೆನೇನೋ.

ವೈವಾ ಮಂಗಳವಾರ ಇತ್ತು. ಸೋಮವಾರ ಮಧ್ಯಾಹ್ನ ಡಬ್ಬಿ ಈಸಿಕೊಳ್ಳಲು ಹೋದಾಗ ರೂಮಿನಲ್ಲಿ ಗುರುಸಂಗಪ್ಪ ಒಬ್ಬನೇ ಇದ್ದ. ತಲೆಗೆ ಎಣ್ಣೆ ಹಚ್ಚಿ ಬಾಚಿದ್ದ, ಪುಸ್ತಕಗಳನ್ನು ನೀಟಾಗಿ ಜೋಡಿಸಿಟ್ಟಿದ್ದ. "ಕುಂದ್ರು ಕಾಕಾ" ಎಂದು ಡಬ್ಬಿಯ ಗಂಟು ತಾನೇ ಬಿಚ್ಚಿ ಅರ್ಧ ರೊಟ್ಟಿ ಮುರಿದ. ಶೇಂಗಾ ಚಟ್ನಿ ಹಚ್ಚಿಕೊಂಡು ನಿಧಾನವಾಗಿ ತಿಂದ. ಎಷ್ಟೋ ದಿನದ ಮೇಲೆ ಅವನು ಉಣ್ಣುವುದನ್ನು ನೋಡಿ ದಾವಲ್ ಸಾಬನ ಕಣ್ಣಲ್ಲಿ ನೀರಾಡಿತು.

"ಹೆದರಿಕಿ ಹೋತೇನಪ್ಪ?"

"ಹೋತು ಕಾಕಾ. ಈಗ ಏನೂ ಅನ್ಸಂಗಿಲ್ಲ" ಎಂದ. ಮನೆಯಿಂದ ಬಂದಿದ್ದ ಎರಡು ಚಾದರ, ಚಟ್ನಿಪುಡಿಯ ಸೀಸೆ, ಒಂದು ಹೆಚ್ಚಿನ ಡಬ್ಬಿ ಎಲ್ಲವನ್ನೂ ಚೀಲದಲ್ಲಿ ತುಂಬಿ ಕೊಟ್ಟ. "ಇವು ಇನ್ನ ಇಲ್ಲಿ ಯಾಕ? ಅವ್ವಗ ಕೊಡು."

ಪರೀಕ್ಷೆ ಮುಗಿಸಿ ಊರಿಗೆ ಬರುವ ತಯಾರಿ ಎಂದುಕೊಂಡ ದಾವಲ್ ಸಾಬ್. ಗಂಡಾಂತರ ಕಳೆಯಿತು, ಇನ್ನು ಯಾರಿಗೂ ಏನೂ ಹೇಳಬೇಕಾಗಿಲ್ಲ ಎಂದು ಹಗುರಾಗಿ ಸೈಕಲ್ ತುಳಿದ. ಡಬ್ಬಿಯಲ್ಲಿ ಉಳಿದದ್ದನ್ನು ಅಂದೂ ಮುದುಕಿಗೆ ಕೊಟ್ಟು ತೊಳೆದ.

ಮಂಗಳವಾರ ದಾಕ್ಷಾಯಣಮ್ಮ ಹೋಳಿಗೆ ಮಾಡಿ ತುಂಬಿದ್ದಳು. ಡಬ್ಬಿ ಇನ್ನೂ ಬಿಸಿಯಿತ್ತು. ದಾವಣಗೆರೆಯ ಆ ಓಣಿಯ ತಿರುವಿನಲ್ಲಿ ಜನ ನಿಂತಿದ್ದರು, ಪೊಲೀಸರೊಬ್ಬರು ಬಾಗಿಲಲ್ಲಿದ್ದರು. ಗಾದೆಪ್ಪ ಎದುರು ಮನೆಯ ಕಟ್ಟೆಯ ಮೇಲೆ ಮೊಣಕಾಲ ನಡುವೆ ತಲೆಯಿಟ್ಟು ಕೂತಿದ್ದ. ದಾವಲ್ ಸಾಬ್ ಸೈಕಲ್ ನಿಲ್ಲಿಸಿದ್ದು ಗೊತ್ತಾಗಿ ತಲೆಯೆತ್ತಿದ. ಗುರುಸಂಗಪ್ಪ ವೈವಾಕ್ಕೆ ಹೋಗಿರಲಿಲ್ಲ. ನಸುಕಿನಲ್ಲೇ ತನ್ನ ಜೀವ ತಾನೇ ಕಳೆದುಕೊಂಡಿದ್ದ.

ಮಣ್ಣು ಮಾಡಿದ ಮೂರನೆಯ ದಿನ ದಾವಲ್ ಸಾಬ್ ಆ ಮನೆಗೆ ಹೋದ. ಅಷ್ಟರಲ್ಲಿ ಡುಮ್ಕಿಯ ಸುದ್ದಿ ಊರಿಗೆಲ್ಲ ಗೊತ್ತಾಗಿತ್ತು. ಉಜ್ಜಿನಪ್ಪ ಗೋಡೆಗೆ ಮುಖ ಮಾಡಿ ಮಲಗಿದ್ದ. ಹೆಂಗಸರ ನಡುವೆ ಕೂತಿದ್ದ ದಾಕ್ಷಾಯಣಮ್ಮ ಅಳುತ್ತಿರಲಿಲ್ಲ. ಅವನನ್ನು ಕಂಡು ಎದ್ದು ಹೊಸ್ತಿಲ ತನಕ ಬಂದಳು.

"ಪಾಸಾಗೀನಿ ಅಂತ ಸುಳ್ಳು ಬರದಿದ್ದ ಸಾಬಣ್ಣ. ಹೋಗಲಿ. ಹಸಗೊಂಡಂತೂ ಹೋಗಲಿಲ್ಲ ನನ ಮಗ, ಅಲ್ಲೇನು? ಅದೊಂದ ನನಗ ಸಮಾಧಾನ."

ದಾವಲ್ ಸಾಬನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಇದ್ದ ಒಂದೇ ಒಂದು ನಿಜವನ್ನು ಹುಡುಕಿ ಹೇಳಿದ.

"ಸೋಮವಾರ ನನ್ನ ಮುಂದ ಕುಂತು ಉಂಡ್ರಿ ಅವ್ವಾರ. ಶೇಂಗಾ ಚಟ್ನಿ ಹಚ್ಚಿಕೊಂಡು ಅರ್ಧ ರೊಟ್ಟಿ ತಿಂದ."

"ಅರ್ಧ?" ಎಂದಳು ದಾಕ್ಷಾಯಣಮ್ಮ. "ನಾಕು ರೊಟ್ಟಿ ಕಟ್ಟಿದ್ದೆ. ಡಬ್ಬಿ ಪೂರ್ತಿ ಖಾಲಿ ಬಂದಿತ್ತಲ್ಲ."

ಅವನು ತಲೆ ತಗ್ಗಿಸಿದ.

"ಎಷ್ಟು ದಿನದಿಂದ ಸಾಬಣ್ಣ?"

"ಇಪ್ಪತ್ತಾರು ದಿನ ಅವ್ವಾರ. ನೀವು ಉಪವಾಸ ಕುಂದರತೀರಿ ಅಂತ ಅವನ ಬೇಡಿಕೊಂಡ."

ಅವಳು ಕೂಗಲಿಲ್ಲ, ಶಾಪ ಹಾಕಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಳು.

"ನಾನು ಆವತ್ತು ಅವರಪ್ಪನ್ನ ಕಳಿಸಿ ತಪ್ಪು ಮಾಡಿದೆ ಸಾಬಣ್ಣ, ಅದು ಈಗ ನನಗ ತಿಳೀತು" ಎಂದಳು. "ಇನ್ನೊಂದು ದಿನ ಡಬ್ಬಿ ತುಂಬಿ ಬಂದಿದ್ರ ನಾನ ಬಸ್ ಹತ್ತತಿದ್ದೆ."